ನಮ್ಮ ಡೌನ್‌ಟೌನ್ ಡಿಸ್ಟ್ರಿಕ್ಟ್: ಬೀದಿ ತೊಳೆಯುವವರಿಗೆ ಐದು ಸ್ಟಾರ್, ಉತ್ಸವಕ್ಕೆ ಒಂದು

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಸಣ್ಣ ಊರಿನ ಡೌನ್‌ಟೌನ್‌ನಲ್ಲಿ ನನ್ನ ತಿಂಡಿ ಅಂಗಡಿ ಇದೆ. ಇಡ್ಲಿ, ಖಾಲಿ ದೋಸೆ, ಉಪ್ಪಿಟ್ಟು, ಫಿಲ್ಟರ್ ಕಾಫಿ. ಶುರು ಮಾಡಿ ಆರು ವರ್ಷವಾಯಿತು. ಪ್ರತಿ ವರ್ಷ ಬಿಸಿನೆಸ್ ಲೈಸೆನ್ಸ್ ಬಿಲ್ ಬಂದಾಗ ಅದರಲ್ಲಿ ಇನ್ನೊಂದು ಸಾಲು ಇರುತ್ತದೆ: ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. ಅಂದರೆ ಬೀದಿ ತೊಳೆಯುವುದು, ಉತ್ಸವ ಮಾಡುವುದು ಇಂಥ ಕೆಲಸಗಳಿಗೆ ಅಂತ ಅಲ್ಲಿನ ಅಂಗಡಿಗಳಿಂದಲೇ ಸಿಟಿ ಶುಲ್ಕ ವಸೂಲಿ ಮಾಡುವ ಪ್ರದೇಶ. ಈ ಸಲ ನನ್ನ ಪಾಲು 480 ಡಾಲರ್. ಕರ್ನಾಟಕದ ನಮ್ಮೂರಲ್ಲಿ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ, ಭಿಕ್ಷುಕರ ಕರ ಸೇರಿ ಬರುತ್ತದಲ್ಲ, ಹಾಗೆ. ಆದರೆ ಈ ದುಡ್ಡನ್ನು ನಮ್ಮ ನಾಲ್ಕು ಬೀದಿಗೇ ಖರ್ಚು ಮಾಡಬೇಕು. ಈಗ ಈ ಡಿಸ್ಟ್ರಿಕ್ಟನ್ನೇ ಮುಚ್ಚಿಸಿ ಅಂತ ಅಂಗಡಿಯವರ ಅರ್ಜಿ ಓಡಾಡುತ್ತಿದೆ. ಸಹಿ ಹಾಕುವ ಮೊದಲು, ಆರು ವರ್ಷ ದುಡ್ಡು ಕೊಟ್ಟವಳಾಗಿ ನನಗೆ ಸಿಕ್ಕಿದ್ದೇನು ಅಂತ ಬರೆದಿಡುತ್ತಿದ್ದೇನೆ.

ಬೀದಿ ತೊಳೆಯುವ ಕೆಲಸಕ್ಕೆ ಕಣ್ಣು ಮುಚ್ಚಿಕೊಂಡು ಐದು ಸ್ಟಾರ್ ಕೊಡುತ್ತೇನೆ. ಬೆಳಗ್ಗೆ ಆರಕ್ಕೆ ನಾನು ಬಾಗಿಲು ತೆಗೆಯುವಾಗ ಇಬ್ಬರು ಆಗಲೇ ಕೆಲಸದಲ್ಲಿರುತ್ತಾರೆ. ಒಬ್ಬರು ಫುಟ್‌ಪಾತಿಗೆ ಅಂಟಿದ ಚೂಯಿಂಗ್ ಗಮ್ಮನ್ನು ಕುಕ್ಕರಗಾಲಲ್ಲಿ ಕೂತು ತಗಡಿನಲ್ಲಿ ಕೆರೆದು ತೆಗೆಯುತ್ತಾರೆ. ಇನ್ನೊಬ್ಬರು ವಯಸ್ಸಾದವರು. ದೀಪದ ಕಂಬಗಳಿಗೆ ತೂಗು ಹಾಕಿದ ಹೂಕುಂಡಗಳಿಗೆ ನೀರು ಹಾಕುವುದು ಅವರ ಕೆಲಸ. ಉದ್ದ ಪೈಪು, ತುದಿ ಕೊಕ್ಕೆಯ ಹಾಗೆ ಬಾಗಿದೆ. ನನ್ನ ಬಾಗಿಲ ಹತ್ತಿರ ಬಂದಾಗ ನೀರು ನಿಲ್ಲಿಸಿ, ಒಳಗೆ ಹೋಗುವವರು ಹೋದಮೇಲೆ ಮತ್ತೆ ಬಿಡುತ್ತಾರೆ. ಒಂದು ದಿನವೂ ಯಾರ ಮೇಲೂ ಒಂದು ಹನಿ ಬಿದ್ದಿಲ್ಲ. ಸಿಟಿಯವರು ಇಷ್ಟು ಮಾಡುವುದಿಲ್ಲ. ಈ ಕೆಲಸ ನಡೆಯುವುದು ನಮ್ಮ ದುಡ್ಡಿನಲ್ಲಿ.

ಆದರೆ ಉತ್ಸವ? ವರ್ಷಕ್ಕೆ ಎರಡು ಸಲ ಶನಿವಾರ ಬೀದಿ ಮುಚ್ಚಿ ವೈನ್ ಉತ್ಸವ ಮಾಡುತ್ತಾರೆ. ಶನಿವಾರವೇ ನನ್ನ ವ್ಯಾಪಾರದ ದಿನ. ಊರಿಂದ ಬಂದ ಅಪ್ಪ ಅಮ್ಮನನ್ನು, ಮಕ್ಕಳನ್ನು ಕರೆದುಕೊಂಡು ಬರುವ ಮನೆಯವರೇ ನನ್ನ ಗಿರಾಕಿಗಳು. ಅವತ್ತು ಅವರಿಗೆ ಕಾರು ನಿಲ್ಲಿಸಲು ಜಾಗ ಇಲ್ಲ. ಹಾಲಿನ ವ್ಯಾನು ಒಳಗೆ ಬರುವ ಹಾಗಿಲ್ಲ. ಕಳೆದ ಸಲ ನನ್ನ ಬಾಗಿಲಿಗೆ ಬೆನ್ನು ಹಾಕಿ ಹೊರಗಿನವರ ತಿಂಡಿ ಟೆಂಟು ಹಾಕಿಸಿದರು. ಜನರೇಟರ್ ಹೊಗೆ ಸೀದಾ ಅಂಗಡಿ ಒಳಗೆ. ಮೂರು ಬಕೆಟ್ ಹಿಟ್ಟು ರುಬ್ಬಿಟ್ಟಿದ್ದೆ. ಸಂಜೆಗೆ ಒಂದೂವರೆ ಬಕೆಟ್ ಹುಳಿ ಬಂದು ಚೆಲ್ಲಿದೆ. ನಾನು ಕಟ್ಟಿದ ದುಡ್ಡಿನಲ್ಲೇ ನನ್ನ ಬಾಗಿಲು ಮುಚ್ಚಿದ ಹಾಗಾಯಿತು. ತುಂಬಾ ನೋವಾಯಿತು. ವರ್ಷದ ವರದಿ ತರಿಸಿ ನೋಡಿದರೆ, ಬೀದಿ ತೊಳೆಯುವುದಕ್ಕಿಂತ ಜಾಸ್ತಿ ಖರ್ಚು ಉತ್ಸವಗಳಿಗೇ ಆಗಿತ್ತು.

ಅರ್ಜಿ ತಂದವರು ಪಕ್ಕದ ಬ್ಲೌಸ್ ಹೊಲಿಯುವ ಗುಜರಾತಿ ಅಕ್ಕ. ಅವರ ಸಿಟ್ಟೂ ನ್ಯಾಯವೇ. "ಎಲ್ಲರೂ ಸಹಿ ಹಾಕಿದರೆ ನಿಂತುಹೋಗುತ್ತದೆ ಅಲ್ವಾ?" ಅಂದರು. ಅಷ್ಟು ಸುಲಭ ಇಲ್ಲ. ನಮ್ಮದು 1989ರ ರಾಜ್ಯ ಕಾನೂನಿನ ಕೆಳಗೆ ಮಾಡಿದ ಡಿಸ್ಟ್ರಿಕ್ಟ್. ಇಲ್ಲಿ ತಲೆ ಎಣಿಸುವುದಿಲ್ಲ, ದುಡ್ಡು ಎಣಿಸುತ್ತಾರೆ. ಒಟ್ಟು ವಸೂಲಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಟ್ಟುವವರು ಬರೆದು ವಿರೋಧಿಸಿದರೆ ಸಿಟಿ ಒಂದು ವರ್ಷ ಈ ಶುಲ್ಕ ಹಾಕುವ ಹಾಗಿಲ್ಲ. ಮೂಲೆಯ ದೊಡ್ಡ ಹೋಟೆಲಿನ ಒಂದು ಸಹಿ ನಮ್ಮಂಥ ಎಷ್ಟೋ ಅಂಗಡಿಗಳ ಸಹಿಗೆ ಸಮ. ಕಟ್ಟಡದ ಮಾಲೀಕರಿಂದ ವಸೂಲಿ ಮಾಡುವ, 1994ರ ಕಾನೂನಿನ ಡಿಸ್ಟ್ರಿಕ್ಟುಗಳೂ ಇವೆ. ಅಲ್ಲಿ ಮುಚ್ಚಿಸಿ ಅಂತ ಕೇಳಲು ವರ್ಷಕ್ಕೆ 30 ದಿನದ ಅವಕಾಶ ಇರುತ್ತದೆ. ನಿಮ್ಮದು ಯಾವುದು ಅಂತ ಮೊದಲು ಕೇಳಿಕೊಳ್ಳಿ.

ಕಾನೂನು ಓದುವಾಗ ಇನ್ನೊಂದು ವಿಷಯ ಸಿಕ್ಕಿತು. ಇಡೀ ಡಿಸ್ಟ್ರಿಕ್ಟನ್ನೇ ವಿರೋಧಿಸಬೇಕು ಅಂತೇನೂ ಇಲ್ಲ. ಯಾವುದೋ ಒಂದು ಕೆಲಸವನ್ನು ಮಾತ್ರ ಬೇಡ ಅಂತಲೂ ಬರೆಯಬಹುದು. ಅದಕ್ಕೆ ಅರ್ಧದಷ್ಟು ವಿರೋಧ ಬಂದರೆ ಆ ಕೆಲಸವನ್ನಷ್ಟೇ ಕೈಬಿಡಬೇಕು. ಇದನ್ನು ಅಕ್ಕನಿಗೆ ತೋರಿಸಿದೆ. ಎರಡು ಸಲ ಓದಿದರು. "ಹಾಗಾದರೆ ಹೂವಿಗೆ ನೀರು ಹಾಕುವ ಅಜ್ಜನ ಕೆಲಸ ಹೋಗುವುದಿಲ್ಲ ತಾನೇ?" ಅಂದರು. ನನಗೂ ಅದೇ ಚಿಂತೆ ಇತ್ತು. ಹೊಸ ಪತ್ರ ಬರೆದೆವು: ಉತ್ಸವಗಳು ಬೇಡ, ಉಳಿದದ್ದು ಇರಲಿ. ಇಲ್ಲಿಯವರೆಗೆ ಹದಿನಾಲ್ಕು ಅಂಗಡಿಯವರು ಸಹಿ ಹಾಕಿದ್ದಾರೆ. ಮೂಲೆಯ ಹೋಟೆಲಿನ ಮ್ಯಾನೇಜರ್ ಪತ್ರ ಇಟ್ಟುಕೊಂಡಿದ್ದಾರೆ, ಇನ್ನೂ ಏನೂ ಹೇಳಿಲ್ಲ.

ಮಂಗಳವಾರ ಸಂಜೆ ಏಳಕ್ಕೆ ಸಿಟಿ ಕೌನ್ಸಿಲ್‌ನಲ್ಲಿ ಈ ಶುಲ್ಕದ ಬಗ್ಗೆ ವಿಚಾರಣೆ ಇದೆ. ನಮ್ಮ ಬೀದಿಯ ಅಂಗಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅದಕ್ಕೆ ಮೊದಲೇ ಬಂದು ಸಹಿ ಹಾಕಿ. ಪತ್ರದಲ್ಲಿ ಅಂಗಡಿಯ ಹೆಸರು, ವಿಳಾಸ ಸರಿಯಾಗಿರಲಿ. ಸಿಟಿಯ ದಾಖಲೆಯಲ್ಲಿ ಮಾಲೀಕರ ಹೆಸರು ಬೇರೆ ಇದ್ದರೆ ಅಂಗಡಿ ನಿಮ್ಮದೇ ಅನ್ನುವ ಕಾಗದವನ್ನೂ ಜೊತೆಗೆ ತನ್ನಿ, ಇಲ್ಲದಿದ್ದರೆ ಸಹಿ ಲೆಕ್ಕಕ್ಕೆ ಬರುವುದಿಲ್ಲ. ಪತ್ರ ನನ್ನ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇದೆ. ಬೆಳಗ್ಗೆ ಆರರಿಂದ ಅಂಗಡಿ ತೆಗೆದಿರುತ್ತದೆ.