ನಗುವಿಗೆ ಜಾಗ ಬಿಡದ ಸಿನಿಮಾ: ‘ದಿ ಇಂಟೆಲಿಜೆನ್ಸ್ ಮೆನ್’ (1965)

ಬ್ರಿಟಿಷ್ ಟಿವಿಯ ಎರಿಕ್ ಮೋರ್ಕಂ ಮತ್ತು ಎರ್ನಿ ವೈಸ್ ಹಾಸ್ಯಜೋಡಿಯ ಮೊದಲ ನಾಯಕಪಾತ್ರದ ಸಿನಿಮಾ ಇದು. ಜೋಡಿ ಚೆನ್ನ, ಸಿನಿಮಾ ಸಪ್ಪೆ ಎಂಬ ವಿಮರ್ಶಕರ ಮಾತು ಇವತ್ತಿಗೂ ಸರಿಯೇ.

ಬರೆದವರು ಅವರ ಟಿವಿ ಲೇಖಕರಾದ ಸಿಡ್ ಗ್ರೀನ್, ಡಿಕ್ ಹಿಲ್ಸ್. ನಿರ್ದೇಶನ ರಾಬರ್ಟ್ ಆಶರ್. ಕೈಗಳೆಲ್ಲ ಪಳಗಿದವೇ. ಎಡವಟ್ಟಾಗಿರುವುದು ಲಯದಲ್ಲಿ. ಟಿವಿ ಸ್ಟುಡಿಯೋದಲ್ಲಿ ಎದುರಿಗೆ ಜನ ಕೂತಿರುತ್ತಾರೆ. ಎರಿಕ್ ಒಂದು ಮಾತು ಎಸೆದು, ಕನ್ನಡಕ ಓರೆ ಮಾಡಿ, ಕ್ಯಾಮೆರಾ ಕಡೆ ನೋಡಿ ನಗು ಇಳಿಯುವವರೆಗೆ ಕಾಯುತ್ತಾನೆ. ಆ ಕಾಯುವಿಕೆಯಲ್ಲೇ ಅರ್ಧ ತಮಾಷೆ! ಸಿನಿಮಾ ಸೆಟ್ಟಿನಲ್ಲಿ ನಗುವವರಿಲ್ಲ, ಎಷ್ಟು ಹೊತ್ತು ನಿಲ್ಲಬೇಕೆಂದು ಎಡಿಟಿಂಗ್‌ನಲ್ಲಿ ಊಹಿಸಬೇಕು. ಜಾಸ್ತಿ ಬಿಟ್ಟರೆ ಮೌನ, ಕಡಿಮೆ ಬಿಟ್ಟರೆ ಥಿಯೇಟರಿನ ನಗುವಿನಲ್ಲಿ ಮುಂದಿನ ಮಾತು ಮುಳುಗುತ್ತದೆ.

ಇನ್ನೊಂದು ತೊಂದರೆ ಗೂಢಚಾರಿಕೆಯ ಕಥೆ. ಟಿವಿಯಲ್ಲಿ ಇವರಿಬ್ಬರೂ ಎರಿಕ್ ಮತ್ತು ಎರ್ನಿಯೇ, ಪರಿಚಯ ಬೇಕಿಲ್ಲ. ಇಲ್ಲಿ ಕಥೆ ಮುಂದೆ ಸಾಗಲೆಂದು ಇಬ್ಬರನ್ನೂ ಆಗಾಗ ಬೇರೆ ಮಾಡುತ್ತಾರೆ. ಮಾತಿಗೆ ಮಾತು ಕೊಡುವವನಿಲ್ಲದ ಎರಿಕ್ ಸುಮ್ಮನೆ ಓಡಾಡುವ ಮನುಷ್ಯನಷ್ಟೇ. ಇಬ್ಬರೂ ಒಂದೇ ಫ್ರೇಮಿಗೆ ಬಂದಾಗ ಮಾತ್ರ ಸಿನಿಮಾಕ್ಕೆ ಜೀವ ಬರುತ್ತದೆ. ಕ್ಲೋಸಪ್ ಬೇಡ, ಒಬ್ಬ ಮಾತಾಡುವಾಗ ಇನ್ನೊಬ್ಬನ ಮುಖವೂ ಕಾಣಬೇಕು.

1966 ಮತ್ತು 1967ರಲ್ಲಿ ಇನ್ನೆರಡು ಸಿನಿಮಾ ಬಂದವು, ನಿರ್ದೇಶಕ ಕ್ಲಿಫ್ ಓವನ್. 1968ರಲ್ಲಿ ಬಿಬಿಸಿಗೆ ಬಂದ ಮೇಲೆ ಇವರ ನಿಜವಾದ ಸುಗ್ಗಿ. ಹೊಸಬರು ಮೊದಲು ಆ ಕಾರ್ಯಕ್ರಮಗಳನ್ನು ನೋಡಿ, ಆಮೇಲೆ ಇದಕ್ಕೆ ಬನ್ನಿ.