ಅಸ್ತ್ರ ಒಲೆ: ಬಾಯಿ ಚಿಕ್ಕದಿದ್ದರೇ ಕಟ್ಟಿಗೆ ಉಳಿತಾಯ

ಗ್ಯಾಸ್ ಬಂದ ಮೇಲೂ ಚಿತ್ರದುರ್ಗ, ಹೊಳಲ್ಕೆರೆ, ಜಗಳೂರು ಕಡೆಯ ಹಳ್ಳಿಗಳಲ್ಲಿ ಕಟ್ಟಿಗೆ ಒಲೆ ಆರಿಲ್ಲ. ಚಹಾ, ಸಾರು ಗ್ಯಾಸಿನ ಮೇಲೆ. ಮುದ್ದೆ, ರೊಟ್ಟಿ, ಹಂಡೆ ನೀರು ಕಟ್ಟಿಗೆಯ ಮೇಲೆ. ಆ ಕಟ್ಟಿಗೆಯಲ್ಲಿ ಒಂದು ಪಾಲು ಇವತ್ತಿಗೂ ಗುಡ್ಡದಿಂದಲೇ ಇಳಿಯುತ್ತದೆ. ಹಾಗಾಗಿ ಒಲೆ ಸುಧಾರಿಸುವ ಮಾತು ಹಳೆಯದಾಯಿತು ಎಂದು ಕೈಬಿಡುವಂತಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಶುರುವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ ಒಲೆಯೇ ಅಸ್ತ್ರ ಒಲೆ. ಮುಚ್ಚಿದ ಗೂಡು, ಅದರೊಳಗೆ ಕಬ್ಬಿಣದ ಜಾಲರಿ, ಕೆಳಗೆ ಬೂದಿ ಗುಂಡಿ, ಮೇಲೆ ಪಾತ್ರೆ ಇಡಲು ಸಾಲಾಗಿ ಎರಡು ಅಥವಾ ಮೂರು ಕಣ್ಣು, ಕೊನೆಗೆ ಹೊಗೆ ಕೊಳವೆ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ಶೇ. 10ರ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತದೆ. ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಅದು ಶೇ. 30 ದಾಟುತ್ತದೆ. ಲೆಕ್ಕ ಹಾಕಿ ನೋಡಿ: 50 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ತೆರೆದ ಒಲೆಗೆ ನಾಲ್ಕು ಕೆ.ಜಿ.ಗೂ ಮೇಲೆ ಒಣ ಕಟ್ಟಿಗೆ ಬೇಕು, ಶೇ. 30 ಮುಟ್ಟುವ ಒಲೆಗೆ ಒಂದೂವರೆ ಕೆ.ಜಿ. ಸಾಕು. ಅಡುಗೆಗಿಂತ ಬಚ್ಚಲೊಲೆಯೇ ಹೆಚ್ಚು ತಿನ್ನುವ ಮನೆಗಳು ಎಷ್ಟೋ. ಕಟ್ಟಿಸುವುದಾದರೆ ಹಂಡೆಯ ಒಲೆಗೂ ಜಾಲರಿ, ಕೊಳವೆ ಹಾಕಿಸಿ. ಉಳಿತಾಯ ಅಲ್ಲೇ ಬೇಗ ಕಾಣುತ್ತದೆ.

ಈ ಒಲೆಯ ಮೇಲೆ ಎಲ್ಲರೂ ಹೇಳುವ ದೂರು ಕಟ್ಟಿಗೆ ತುರುಕುವ ಅದರ ಬಾಯಿಯದು. ಬಾಯಿ ಚಿಕ್ಕದು, ಬೊಡ್ಡೆ ಹಿಡಿಸುವುದಿಲ್ಲ, ಒಂದಡಿ ಉದ್ದಕ್ಕೆ ಕಡಿದು ಹೆಬ್ಬೆರಳಿನಿಂದ ಮುಂಗೈ ದಪ್ಪಕ್ಕೆ ಸೀಳಬೇಕು. ನಮ್ಮ ದೃಷ್ಟಿಯಲ್ಲಿ ಒಲೆಯ ಮುಖ್ಯ ಗುಣವೇ ಅದು. ಚಿಕ್ಕ ಬಾಯಿಯಿಂದ ಅಳತೆಯ ಗಾಳಿ ಒಳಹೋಗುತ್ತದೆ. ಹೆಚ್ಚು ತಂಗಾಳಿ ನುಗ್ಗಿದರೆ ಗೂಡಿನ ಬಿಸಿ ಇಳಿದು, ಉರಿಯದ ಹೊಗೆ ಕೊಳವೆ ಸೇರುತ್ತದೆ. ಜೊತೆಗೆ ಸಣ್ಣ ಕಟ್ಟಿಗೆ ಹೊಲದ ಬದುವಿನಲ್ಲೇ ಸಿಗುತ್ತದೆ: ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ತೆಂಗಿನ ಮಟ್ಟೆ, ಬದುವಿನ ಗ್ಲಿರಿಸಿಡಿಯಾ ರೆಂಬೆ. ಬೊಡ್ಡೆಗೆ ಮಾತ್ರ ಗುಡ್ಡದ ಮರವೇ ಬೀಳಬೇಕು. ಬಾಯಿಯನ್ನು ಹಾರೆಯಿಂದ ಒಡೆದು ಅಗಲ ಮಾಡಿಕೊಂಡ ಮನೆಯಲ್ಲಿ ಎರಡು ಲಾಭವೂ ಹೋಗಿ, ಕೊಳವೆಯಿರುವ ಹಳೆ ಒಲೆ ಉಳಿಯುತ್ತದೆ.

ಮಣ್ಣಿನ ವಿಚಾರದಲ್ಲಿ ನಮ್ಮ ಸೀಮೆಯವರು ಎಚ್ಚರವಾಗಿರಬೇಕು. ಬರೀ ಎರೆಮಣ್ಣಲ್ಲಿ ಕಟ್ಟಿದ ಒಲೆ ಒಣಗುವಾಗಲೇ ಬಿರುಕು ಬಿಡುತ್ತದೆ, ಬಿರುಕಿನಿಂದ ಗಾಳಿ ಎಳೆದು ಉರಿ ಕೆಡುತ್ತದೆ. ಹುತ್ತದ ಮಣ್ಣು ಅಥವಾ ಕೆಂಪು ಜಿಗುಟು ಮಣ್ಣಿಗೆ ಮರಳು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿದು, ಒಂದೆರಡು ದಿನ ನೆನೆಯಲು ಬಿಟ್ಟು ಬಳಸಿ. ಜಾಲರಿಯಿಂದ ಮೊದಲ ಪಾತ್ರೆಯ ತಳಕ್ಕೆ ಸುಮಾರು ಒಂದು ಗೇಣು ಇರಲಿ. ಕಡಿಮೆಯಾದರೆ ಜ್ವಾಲೆ ತಣ್ಣನೆ ತಳಕ್ಕೆ ತಾಗಿ ಮಸಿ ಕಟ್ಟುತ್ತದೆ, ಹೆಚ್ಚಾದರೆ ಶಾಖ ಗೋಡೆಗೆ ಹೋಗುತ್ತದೆ. ಕಣ್ಣುಗಳನ್ನು ಮನೆಯಲ್ಲಿ ದಿನವೂ ಬಳಸುವ ಪಾತ್ರೆ ಇಟ್ಟೇ ಅಳತೆ ತೆಗೆಯಬೇಕು. ಮಿಸ್ತ್ರಿ ತಂದ ಅಳತೆಗೆ ಕಟ್ಟಿಸಿದರೆ ಪಾತ್ರೆಯ ಸುತ್ತ ಸಂದು ಬಿಟ್ಟು ಅಡುಗೆಮನೆಗೆ ಹೊಗೆ ಬರುವುದು ಖಂಡಿತ.

ಮುದ್ದೆಗೆ ಈ ಒಲೆ ಹೇಳಿ ಮಾಡಿಸಿದ್ದು. ಪಾತ್ರೆ ಕಣ್ಣಿನೊಳಗೆ ಇಳಿದು ಕೂರುವುದರಿಂದ ಕೋಲು ಹಾಕಿ ಬಲವಾಗಿ ತಿರುವಿದರೂ ಅಲುಗುವುದಿಲ್ಲ. ಗ್ಯಾಸ್ ಸ್ಟೌವಿನಲ್ಲಿ ಈ ಅನುಕೂಲವಿಲ್ಲ. ರೊಟ್ಟಿಗೆ ಅಷ್ಟು ಅಂಕ ಕೊಡಲಾರೆವು. ಹಂಚು ಮೊದಲ ಕಣ್ಣನ್ನು ಪೂರ್ತಿ ಮುಚ್ಚುವಷ್ಟು ಅಗಲವಿರಬೇಕು, ಉಳಿದ ಕಣ್ಣುಗಳ ಮೇಲೆ ನೀರಿನ ಪಾತ್ರೆ ಇರಲೇಬೇಕು, ಇಲ್ಲವಾದರೆ ಹೊಗೆ ಅಲ್ಲಿಂದಲೇ ಏಳುತ್ತದೆ. ಮೂರನೇ ಕಣ್ಣಿನಲ್ಲಿ ಅನ್ನ ಬೇಯುತ್ತದೆ ಎಂದು ಕಾಯಬೇಡಿ. ನೀರು ಬೆಚ್ಚಗಾಗುತ್ತದೆ, ಅಷ್ಟೇ.

ಕೊಳವೆಯ ಬಗ್ಗೆ ಸ್ವಲ್ಪ ವಿವರ ಬೇಕು. ಮಾಳಿಗೆ ಮನೆಯಲ್ಲಿ ಮೇಲ್ಮುದ್ದೆ (ಚಾವಣಿಯ ಮಣ್ಣು) ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆ. ಬೆಳಕಿಂಡಿ ಇದ್ದರೆ ಒಲೆಯ ಜಾಗವನ್ನೇ ಅದರ ಕೆಳಗೆ ಗುರುತಿಸಿ ಕೊಳವೆ ಅಲ್ಲಿಂದ ಏರಿಸಿ. ಸುಮಾರು ನಾಲ್ಕು ಅಂಗುಲದ ಕೊಳವೆ, ಮಾಳಿಗೆಗಿಂತ ಎರಡಡಿ ಮೇಲಿರಬೇಕು, ತುದಿಗೆ ಟೋಪಿ ಬೇಕು. ಕಲ್ನಾರಿನ ಪೈಪಾದರೆ ಮನೆಯೊಳಗೆ ಗರಗಸ ಹಾಕಿಸಬೇಡಿ, ಆ ದೂಳು ಶ್ವಾಸಕೋಶಕ್ಕೆ ಅಪಾಯ. ತಿಂಗಳಿಗೊಮ್ಮೆ ಗಳುವಿನ ತುದಿಗೆ ಗೋಣಿ ಸುತ್ತಿ ಮಸಿ ಇಳಿಸಬೇಕು. ಕೇಂದ್ರ ಸರ್ಕಾರ 1983ರಲ್ಲಿ ಆರಂಭಿಸಿದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದೆಲ್ಲೆಡೆ ಕಟ್ಟಿದ ಒಲೆಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕಟ್ಟಿಕೊಟ್ಟವರು ರಿಪೇರಿಗೆ ಬರಲಿಲ್ಲ, ಜಾಲರಿ ಮುರಿದರೆ ಇನ್ನೊಂದು ಸಿಗಲಿಲ್ಲ. ಎರಡು ಜಾಲರಿ ಒಟ್ಟಿಗೇ ಎರಕ ಹಾಕಿಸಿ ಇಟ್ಟುಕೊಳ್ಳುವುದು ಲೇಸು.

ಇನ್ನು ಕಾಡಿನ ಲೆಕ್ಕ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯಂಥ ಒಣಗಾಡಿನಲ್ಲಿ ಮಳೆ ಕಡಿಮೆ, ಮರ ದಪ್ಪವಾಗಲು ವರ್ಷಾನುಗಟ್ಟಲೆ ಬೇಕು. ದಿಂಡಿಗದಂಥ ಮರ ಕಡಿದ ಮೋಟಿನಿಂದ ಮತ್ತೆ ಚಿಗುರುತ್ತದೆ. ಆದರೆ ಬೆರಳು ದಪ್ಪವಾಗುವ ಮೊದಲೇ ಮತ್ತೆ ಕಡಿದು, ಉಳಿದ ಚಿಗುರನ್ನು ಮೇಕೆ ತಿಂದರೆ ಕೆಲವು ಸುತ್ತಿನಲ್ಲಿ ಬೇರಿನ ಶಕ್ತಿ ಮುಗಿದು ಮೋಟು ಸಾಯುತ್ತದೆ. ಆ ಜಾಗಕ್ಕೆ ತಂಗಡಿ, ಬಂದರಿಕೆಯಂಥ ಪೊದೆಗಳು ಬರುತ್ತವೆ, ಅವೂ ಹೋದರೆ ಬರೀ ಕಲ್ಲು. ಆದ್ದರಿಂದ ಸಣ್ಣ ಕಟ್ಟಿಗೆಯ ಒಲೆ ಎಂದು ಗುಡ್ಡದ ಎಳೆಗಿಡ ಸವರಿ ತಂದರೆ ಬೊಡ್ಡೆ ಕಡಿದದ್ದಕ್ಕಿಂತ ಕೆಟ್ಟದ್ದೇ ಆಗುತ್ತದೆ. ಜೋಗಿಮಟ್ಟಿ, ಜಗಳೂರು ಕಡೆಯ ರಂಗಯ್ಯನದುರ್ಗ ಎರಡೂ ಈಗ ವನ್ಯಜೀವಿಧಾಮಗಳು, ಅಲ್ಲಿ ಮರ ಕಡಿಯುವುದು ಅಪರಾಧ ಕೂಡ. ಉಳಿಸಿದ ಹೊರೆಯನ್ನು ಹೋಟೆಲಿಗೆ ಮಾರಿದರೂ ಕಾಡಿಗೆ ದಕ್ಕುವುದೇನಿಲ್ಲ.

ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಸುಗ್ಗಿಯಲ್ಲಿ ಹಂಡೆಗಟ್ಟಲೆ ಕಾಯಿ ಬೇಯಿಸುವ ತೆರೆದ ಒಲೆಗಳಿಗೂ ಇದೇ ನಿಯಮ: ಜಾಲರಿ, ಮುಚ್ಚಿದ ಗೂಡು, ಕೊಳವೆ. ಒಂದು ಮನೆಯ ಒಲೆಗಿಂತ ಅಲ್ಲಿ ಉರಿಯುವ ಕಟ್ಟಿಗೆ ಎಷ್ಟೋ ಪಾಲು ಹೆಚ್ಚು, ಅಲ್ಲಿ ಸುಧಾರಿಸಿದರೆ ಫಲವೂ ಅಷ್ಟೇ ದೊಡ್ಡದು.

ಗ್ಯಾಸಿನಲ್ಲೇ ಎಲ್ಲ ಅಡುಗೆ ನಡೆಯುವ ಮನೆಗೆ ಅಸ್ತ್ರ ಒಲೆ ಬೇಡ. ಸಿಲಿಂಡರ್ ತುಂಬಿಸುವುದೇ ಕಾಡಿಗೂ ಶ್ವಾಸಕ್ಕೂ ಒಳ್ಳೆಯದು. ದಿನಕ್ಕೆರಡು ಸಲ ಕಟ್ಟಿಗೆ ಒಲೆ ಹೊತ್ತಿಸುವ, ಬದುವಿನಲ್ಲಿ ಕಟ್ಟಿಗೆ ಇರುವ, ಸೀಳಲು ಬೇಸರಪಡದ ಮನೆಗೆ ಖಂಡಿತ ಕಟ್ಟಿಸಿ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಕಟ್ಟಿದ ಒಲೆ ಎರಡು ವಾರ ನೆರಳಲ್ಲಿ ಒಣಗಲಿ, ಆಮೇಲೆ ಮೂರು ದಿನ ಸಣ್ಣ ಉರಿ ಮಾತ್ರ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದರಿಂದ, ಒಲೆ ಒಣಗುವ ಹೊತ್ತಿಗೇ ಸೀಳಿದ ಕಟ್ಟಿಗೆಯನ್ನೂ ಬಿಸಿಲಿಗೆ ಹರವಿ, ಮುಂಗಾರಿಗೆ ಮೊದಲು ಒಳಗೆ ಒಟ್ಟಿಕೊಳ್ಳಿ.