ಮಿಸಾವಾ-ಕೊಬಾಶಿ ವರ್ಸಸ್ ಕವಾದಾ-ತಾವೆ, 1995: 42 ನಿಮಿಷ ಫೋನ್ ಪಕ್ಕಕ್ಕಿಟ್ಟು ನೋಡಿ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಐದು. ರೆಸ್ಲಿಂಗಲ್ಲಿ ಟ್ಯಾಗ್ ಟೀಮ್ ಮ್ಯಾಚ್ (ಇಬ್ರು ಜೋಡಿ ಎದುರು ಇಬ್ರು ಜೋಡಿ) ಅಂದ್ರೆ ಮೇನ್ ಇವೆಂಟ್‌ಗೆ ಮುಂಚೆ ಪಾಪ್‌ಕಾರ್ನ್ ತರೋಕೆ ಎದ್ದು ಹೋಗೋ ಟೈಮು ಅಂದ್ಕೊಂಡಿರೋರೆಲ್ಲ ಇದನ್ನ ಒಂದ್ಸಲ ನೋಡ್ಲೇಬೇಕು. 1995ರ ಜೂನ್ 9, ಟೋಕಿಯೋದ ನಿಪ್ಪಾನ್ ಬುಡೊಕಾನ್, ಆಲ್ ಜಪಾನ್ ಪ್ರೋ ರೆಸ್ಲಿಂಗ್ ಕಂಪನಿಯ ವರ್ಲ್ಡ್ ಟ್ಯಾಗ್ ಟೀಮ್ ಟೈಟಲ್, ಒಟ್ಟು 42 ನಿಮಿಷ 37 ಸೆಕೆಂಡು. ಚಾಂಪಿಯನ್ಸ್ ಮಿತ್ಸುಹಾರು ಮಿಸಾವಾ ಮತ್ತೆ ಕೆಂತಾ ಕೊಬಾಶಿ, ಚಾಲೆಂಜರ್ಸ್ ತೊಶಿಯಾಕಿ ಕವಾದಾ ಮತ್ತೆ ಅಕಿರಾ ತಾವೆ.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದೋರಿಗೆ ರೆಸ್ಲಿಂಗ್ ಅಂದ್ರೆ ಅಂಡರ್‌ಟೇಕರು, ಟ್ರಂಪ್ ಕಾರ್ಡು, ಎಂಟ್ರಿ ಮ್ಯೂಸಿಕ್ಕು, ಮೈಕ್ ಹಿಡ್ಕೊಂಡು ಹತ್ತು ನಿಮಿಷ ಬೈದಾಡೋದು. ಇಲ್ಲಿ ಅದ್ಯಾವುದೂ ಇಲ್ಲ. ನಾಲ್ಕು ಜನ, ನಾಲ್ಕು ಕಲರ್ರು, ಮಿಸಾವಾ ಹಸಿರು, ಕೊಬಾಶಿ ಕಿತ್ತಳೆ, ಕವಾದಾ ಕಪ್ಪು-ಹಳದಿ, ತಾವೆ ಕೆಂಪು, ಇಷ್ಟು ನೆನಪಿಟ್ಕೊಂಡ್ರೆ ಜಪಾನೀಸ್ ಕಾಮೆಂಟ್ರಿ ಒಂದಕ್ಷರ ತಿಳಿದೇ ಇದ್ರೂ ಏನೂ ಮಿಸ್ ಆಗಲ್ಲ. ರಿಂಗಲ್ಲಿ ಯಾರೂ ಮಾತಾಡಲ್ಲ, ಒಂದು ನಗು ಇಲ್ಲ, ಮಿಸಾವಾ ಅಂತೂ ಪೆಟ್ಟು ತಿಂದ್ರೂ ಕೊಟ್ರೂ ಬ್ಯಾಂಕ್ ಕ್ಯೂನಲ್ಲಿ ನಿಂತಿರೋರ ಥರ ಅದೇ ಮುಖ.

ಹಿನ್ನೆಲೆ ಸ್ವಲ್ಪ ಗೊತ್ತಿದ್ರೆ ರುಚಿ ಜಾಸ್ತಿ, ಅದಕ್ಕೇ ಹೇಳ್ತಿದೀನಿ. ಮಿಸಾವಾ, ಕವಾದಾ ಇಬ್ರೂ ತೊಚಿಗಿ ಪ್ರಾಂತ್ಯದ ಒಂದೇ ಹೈಸ್ಕೂಲಿನ ರೆಸ್ಲಿಂಗ್ ಕ್ಲಬ್‌ನೋರು, ಮಿಸಾವಾ ಒಂದು ವರ್ಷ ಸೀನಿಯರ್. ಪ್ರೋ ಆದ್ಮೇಲೆ ಮಿಸಾವಾ ಟೈಗರ್ ಮಾಸ್ಕ್ ಅನ್ನೋ ಹುಲಿ ಮುಖವಾಡ ಹಾಕ್ಕೊಂಡು ಆಡ್ತಿದ್ದ, 1990ರ ಮೇನಲ್ಲಿ ಮ್ಯಾಚ್ ಮಧ್ಯದಲ್ಲೇ ಆ ಮುಖವಾಡ ಬಿಚ್ಚಿಸ್ಕೊಂಡ, ದಾರ ಬಿಚ್ಚಿದ್ದು ಬೇರೆ ಯಾರೂ ಅಲ್ಲ, ಪಾರ್ಟ್ನರ್ ಆಗಿದ್ದ ಇದೇ ಕವಾದಾ. ಮುಂದಿನ ತಿಂಗಳೇ ಮಿಸಾವಾ ಕಂಪನಿಯ ದೊಡ್ಡಣ್ಣ ಜಂಬೋ ತ್ಸುರುತಾನ ಸೋಲಿಸಿ ಸ್ಟಾರ್ ಆಗ್ಬಿಟ್ಟ. ಇಬ್ರೂ ಸೇರಿ ಟ್ಯಾಗ್ ಟೈಟಲ್ ಕೂಡ ಗೆದ್ರು. ಆಮೇಲೆ 1993ರಲ್ಲಿ ಕವಾದಾ ಆ ಕಡೆ ಬಿಟ್ಟು, ತಾನೇ ವರ್ಷಗಟ್ಲೆ ಹೊಡೆದಾಡಿದ್ದ ಮಾಜಿ ಸುಮೋ ಪೈಲ್ವಾನ್ ತಾವೆ ಜೊತೆ ಹೋಗಿ ಸೇರ್ಕೊಂಡ. ಅಲ್ಲಿಂದ ಈ ಮ್ಯಾಚ್‌ವರೆಗೂ ಕವಾದಾ ಒಂದೇ ಒಂದು ಸಲ ಮಿಸಾವಾನ ಪಿನ್ ಮಾಡಿಲ್ಲ, ಅಂದ್ರೆ ಭುಜ ನೆಲಕ್ಕೊತ್ತಿ ರೆಫರಿ ಮೂರು ಎಣಿಸೋವರೆಗೂ ಹಿಡಿದು ಗೆದ್ದಿಲ್ಲ. ಸಿಂಗಲ್ಸಲ್ಲೂ ಇಲ್ಲ, ಟ್ಯಾಗಲ್ಲೂ ಇಲ್ಲ. 1994ರ ಜೂನಲ್ಲಿ ಇದೇ ಬುಡೊಕಾನಲ್ಲಿ ಇಬ್ರೂ ಸಿಂಗಲ್ಸ್ ಆಡಿದ್ದು ಇವತ್ತಿಗೂ ಜನ ತಲೆ ಮೇಲೆ ಹೊತ್ಕೊಂಡು ಮೆರೆಸೋ ಮ್ಯಾಚು, ಅದರಲ್ಲೂ ಕವಾದಾ ಸೋತ. 1995ರ ಜನವರಿಯಲ್ಲಿ ಇದೇ ನಾಲ್ಕು ಜನ ಒಂದು ಗಂಟೆ ಪೂರ್ತಿ ಆಡಿ ಡ್ರಾ.

ಇನ್ನೊಂದು ವಿಷಯ ಗೊತ್ತಿರ್ಲೇಬೇಕು. ಅದೇ ವರ್ಷ ಏಪ್ರಿಲ್‌ನಲ್ಲಿ ಕವಾದಾ ಒದ್ದ ಒದೆಗೆ ಮಿಸಾವಾ ಕಣ್ಣಿನ ಸುತ್ತಿನ ಮೂಳೆ ಮುರಿದಿತ್ತು, ನಿಜವಾಗ್ಲೂ ಮುರಿದಿದ್ದು, ಕಥೆಗೋಸ್ಕರ ಹೇಳಿದ್ದಲ್ಲ. ಆ ಮುರಿದ ಮೂಳೆ ಇಟ್ಕೊಂಡೇ ಆಸಾಮಿ ಟೂರ್ನಮೆಂಟ್ ಫೈನಲ್ಲಲ್ಲಿ ತಾವೆನ ಸೋಲಿಸಿದ್ದ. ಮೇ ಕೊನೇಲಿ ಸ್ಟಾನ್ ಹ್ಯಾನ್ಸನ್ ಹತ್ರ ಟ್ರಿಪಲ್ ಕ್ರೌನ್, ಅಂದ್ರೆ ಕಂಪನಿಯ ಅತಿ ದೊಡ್ಡ ಸಿಂಗಲ್ಸ್ ಟೈಟಲ್, ಬೇರೆ ಗೆದ್ಕೊಂಡಿದ್ದ. ಅಂದ್ರೆ ಈ ಮ್ಯಾಚಿಗೆ ಬರೋವಾಗ ಮಿಸಾವಾ ಹೊರಗಿಂದ ನೋಡಿದ್ರೆ ರಾಜ, ಆದ್ರೆ ಎಲ್ಲಿ ಹೊಡೆದ್ರೆ ಬೀಳ್ತಾನೆ ಅಂತ ಎದುರಾಳಿ ಇಬ್ರಿಗೂ ಗೊತ್ತು. ಕೊಬಾಶಿ ಕಾಲಿಗೆ ದಪ್ಪಗೆ ಟೇಪ್ ಸುತ್ಕೊಂಡು ಬಂದಿದಾನೆ. ಒಬ್ಬನ ಕಣ್ಣು, ಒಬ್ಬನ ಕಾಲು. ಇಡೀ ಮ್ಯಾಚ್ ಇಷ್ಟರ ಮೇಲೆ ನಿಂತಿದೆ.

ಮೊದಲ ಹತ್ತು ಹದಿನೈದು ನಿಮಿಷ ನಿಧಾನ, ಅದನ್ನ ಒಪ್ಕೋತೀನಿ, ರೀಲ್ಸ್ ನೋಡಿ ಅಭ್ಯಾಸ ಆಗಿರೋರಿಗೆ ಕೈ ತುರಿಸುತ್ತೆ. ಫಾರ್ವರ್ಡ್ ಮಾಡ್ಬೇಡಿ ದಯವಿಟ್ಟು. ಕವಾದಾ ಆ ಟೇಪ್ ಹಾಕಿದ ಕಾಲಿಗೆ ಒದೆಯೋದನ್ನ ಗಮನಿಸಿ, ಸಿಟ್ಟಲ್ಲಿ ಒದೆಯಲ್ಲ, ಕೆಲಸ ಮಾಡೋರ ಥರ ಒದೀತಾನೆ. ಕೊಬಾಶಿ ಒಂದ್ಸಲ ಕುಂಟೋಕೆ ಶುರು ಮಾಡಿದ್ರೆ ಕೊನೇವರೆಗೂ ಮರೆಯಲ್ಲ, ನಮ್ಮ ಅಮೆರಿಕನ್ ಸ್ಟಾರ್‌ಗಳು ಐದು ನಿಮಿಷ ಕಾಲು ಹಿಡ್ಕೊಂಡು ಒದ್ದಾಡಿ ಆಮೇಲೆ ಟಾಪ್ ರೋಪ್ ಹತ್ತಿ ಕುಣೀತಾರಲ್ಲ, ಆ ಥರ ಅಲ್ಲ. ಇದರಿಂದ ಏನಾಗುತ್ತೆ ಅಂದ್ರೆ ಕೊಬಾಶಿ ಹೊರಗೆ ಬಿದ್ದಿದ್ದಷ್ಟು ಹೊತ್ತೂ ಮಿಸಾವಾ ಒಬ್ಬನೇ ಇಬ್ರನ್ನ ಎದುರಿಸ್ಬೇಕು. ಅವನ ಮೊಣಕೈ ಏಟು ಬಿತ್ತು ಅಂದ್ರೆ ಜನ ಹೋ ಅಂತಾರೆ, ಆದ್ರೆ ಒಬ್ಬನಿಗೆ ಹೊಡೆಯೋಷ್ಟರಲ್ಲಿ ಇನ್ನೊಬ್ಬ ಹಿಂದಿಂದ ಬಂದಿರ್ತಾನೆ. ತಾವೆ ಬಗ್ಗೆ ಒಂದು ಮಾತು: ನಾಲ್ವರಲ್ಲಿ ಜನ ಅವನನ್ನೇ ಕಡಿಮೆ ಅಂತಾರೆ, ನೋಡೋಕೆ ಸೊಟ್ಟಂಬಟ್ಟ ಉದ್ದ ಕಾಲಿನ ಮನುಷ್ಯ, ಆದ್ರೆ ಈ ಮ್ಯಾಚಲ್ಲಿ ಭಯ ಹುಟ್ಸೋನು ಅವನೇ. ಗಂಟಲಿಗೆ ಕೈ ಹಾಕಿ ಎತ್ತಿ ಒಗೆಯೋ ನೊದೊವಾ ಅಂತ ಅವನದೊಂದು ಪಟ್ಟು ಇದೆ, ನಾವು ಚೋಕ್‌ಸ್ಲ್ಯಾಮ್ ಅಂತೀವಲ್ಲ ಅದರ ಅಣ್ಣ, ಅದಕ್ಕೆ ಅವನ ಕೈ ಮೇಲೆದ್ರೆ ಸಾಕು ಹಾಲ್ ಪೂರ್ತಿ ಉಸಿರು ಬಿಗಿ ಹಿಡಿಯುತ್ತೆ.

ಕೊನೇ ಹತ್ತು ನಿಮಿಷದಲ್ಲಿ ಒಂದು ಸೀನ್ ಇದೆ, ಅದೊಂದಕ್ಕೇ ಅರ್ಧ ಮಾರ್ಕ್ಸ್ ಕೊಡ್ತೀನಿ. ಮಿಸಾವಾ ಅಂಗಾತ ಬಿದ್ದಿದಾನೆ, ಏಳೋ ಸ್ಥಿತಿಲಿಲ್ಲ. ಕೊಬಾಶಿಗೂ ಎದ್ದು ಹೊಡೆಯೋ ಶಕ್ತಿ ಇಲ್ಲ, ಕಾಲು ಕೈ ಕೊಟ್ಟಿದೆ. ಅವನು ಏನ್ ಮಾಡ್ತಾನೆ ಗೊತ್ತಾ, ಹೋಗಿ ಮಿಸಾವಾ ಮೇಲೆ ಅಡ್ಡ ಬೀಳ್ತಾನೆ. ಅಷ್ಟೇ. ಬೀಳೋ ಏಟು ನಂಗೆ ಬೀಳ್ಲಿ ಅಂತ ಮೈಯನ್ನೇ ಹೊದಿಸ್ತಾನೆ. ಕವಾದಾ, ತಾವೆ ಒದೀತಾರೆ, ಎಳೀತಾರೆ, ಇವನು ಬಿಡಲ್ಲ. ಟ್ಯಾಗ್ ಮ್ಯಾಚಲ್ಲಿ ಪಾರ್ಟ್ನರ್ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ತೋರ್ಸಿರೋದು ನಾನಂತೂ ನೋಡಿಲ್ಲ, ಇದರಲ್ಲಿ ಯಾವ ಪಟ್ಟೂ ಇಲ್ಲ, ಜಂಪೂ ಇಲ್ಲ, ಒಬ್ಬ ಮನುಷ್ಯ ಇನ್ನೊಬ್ಬನ ಮೇಲೆ ಮಲಗಿದಾನೆ ಅಷ್ಟೇ.

ಆಮೇಲೆ ಕವಾದಾ ಮಿಸಾವಾನ ಎತ್ತಿ ಬೆನ್ನ ಮೇಲೆ ಅಪ್ಪಳಿಸ್ತಾನೆ, ಪವರ್‌ಬಾಂಬ್. ಒನ್, ಟೂ, ಥ್ರೀ.

ವರ್ಷಗಟ್ಲೆಯ ಬಾಕಿ ತೀರಿತು ಅಂತ ಬುಡೊಕಾನ್ ಕಿತ್ಕೊಂಡು ಬರೋ ಹಂಗೆ ಕೂಗುತ್ತೆ. ಇಲ್ಲೇ ಬಾಬಾ ತಲೆ ನೋಡಿ, ಜೈಂಟ್ ಬಾಬಾ ಅಂತ ಕಂಪನಿ ಓನರ್ರು, ಯಾರು ಗೆಲ್ಬೇಕು ಅಂತ ತೀರ್ಮಾನ ಮಾಡ್ತಿದ್ದೋರು ಅವರೇ. ಕವಾದಾ ಕೊನೆಗೂ ಮಿಸಾವಾನ ಪಿನ್ ಮಾಡಿದ, ಸರಿ, ಆದ್ರೆ ಮುರಿದ ಕಣ್ಣಿನ ಮಿಸಾವಾನ, ಕುಂಟೋ ಪಾರ್ಟ್ನರ್ ಇಟ್ಕೊಂಡಿದ್ದ ಮಿಸಾವಾನ, ಅದೂ ಪಕ್ಕದಲ್ಲಿ ತಾವೆ ಇದ್ದಾಗ. ಗೆದ್ದಿದ್ದು ನಿಜ, ಒಬ್ನೇ ಗೆದ್ದಿಲ್ಲ ಅನ್ನೋದೂ ನಿಜ. ಒಬ್ಬನೇ ಸಿಂಗಲ್ಸಲ್ಲಿ ಮಿಸಾವಾನ ಸೋಲಿಸಿ ಟ್ರಿಪಲ್ ಕ್ರೌನ್ ಗೆಲ್ಲೋಕೆ ಅವನು 1998ರ ಮೇ 1ರ ಟೋಕಿಯೋ ಡೋಮ್‌ವರೆಗೂ ಕಾಯ್ಬೇಕಾಯ್ತು, ಇನ್ನೂ ಸುಮಾರು ಮೂರು ವರ್ಷ. ಈಗಿನ ಕಂಪನಿಗಳು ಮೂರು ವಾರ ಕಾಯಲ್ಲ.

"ಎಲ್ಲ ಫಿಕ್ಸ್ ಅಲ್ವಾ" ಅನ್ನೋರು ಇದ್ದೇ ಇರ್ತಾರೆ. ಹೌದಪ್ಪ, ಫಿಕ್ಸೇ. ದುರ್ಯೋಧನ ಸಾಯ್ತಾನೆ ಅಂತ ಗೊತ್ತಿದ್ದೂ ಬೆಳಗಿನ ಜಾವದವರೆಗೂ ಕೂತು ಗದಾಯುದ್ಧ ಪ್ರಸಂಗ ನೋಡ್ತೀವಲ್ಲ, ಇದೂ ಹಂಗೇ.

ತಕರಾರು ಇಲ್ಲ ಅಂತೇನಿಲ್ಲ. ಕೊನೆ ಕೊನೆಗೆ, ಒಂದು ಸಲಕ್ಕೆ ಒಂದು ಕಡೆಯಿಂದ ಒಬ್ಬನೇ ಒಳಗಿರ್ಬೇಕು ಅನ್ನೋ ಟ್ಯಾಗ್ ರೂಲ್ಸ್ ಗಾಳಿಗೆ ಹೋಗುತ್ತೆ, ನಾಲ್ಕು ಜನಾನೂ ರಿಂಗೊಳಗೇ, ರೆಫರಿ ಮನಸ್ಸು ಬಂದಾಗ ಕೇಳ್ತಾರೆ. ಇನ್ನೊಂದು ಇದಕ್ಕಿಂತ ಸೀರಿಯಸ್ಸು. ಆ ಕಾಲದಲ್ಲಿ ಇವರು ಒಬ್ರನ್ನೊಬ್ರು ಕತ್ತಿನ ಮೇಲೆ, ತಲೆ ಮೇಲೆ ಬೀಳಿಸ್ತಿದ್ರು, ಜನಕ್ಕೆ ಅದು ಅಭ್ಯಾಸ ಆದಷ್ಟೂ ಇನ್ನೂ ಜಾಸ್ತಿ ಮಾಡ್ಬೇಕಾಯ್ತು. ಮಿಸಾವಾ 2000ದಲ್ಲಿ ನೋವಾ ಅಂತ ಸ್ವಂತ ಕಂಪನಿ ಕಟ್ಟಿ, 2009ರ ಜೂನ್ 13ಕ್ಕೆ ಹಿರೋಶಿಮಾದಲ್ಲಿ ರಿಂಗಲ್ಲೇ ಒಂದು ಬ್ಯಾಕ್ ಸುಪ್ಲೆಕ್ಸ್ (ಹಿಂದಿಂದ ಹಿಡಿದೆತ್ತಿ ಹಿಂದಕ್ಕೆ ಬೀಳಿಸೋ ಪಟ್ಟು) ಬಿದ್ದು ಮತ್ತೆ ಏಳಲಿಲ್ಲ, ತೀರಿಕೊಂಡ, ಅದೂ ಒಂದು ಟ್ಯಾಗ್ ಮ್ಯಾಚೇ. ಆಮೇಲಿಂದ ಈ ಹಳೇ ಮ್ಯಾಚ್‌ಗಳಲ್ಲಿ ಅವನು ಕತ್ತಿನ ಮೇಲೆ ಬೀಳೋದನ್ನ ನೋಡಿ ಚಪ್ಪಾಳೆ ಹೊಡೆಯೋಕೆ ಮನಸ್ಸು ಬರಲ್ಲ, ಈ ಮ್ಯಾಚಲ್ಲಿ ಅಂಥದ್ದು ಮುಂದೆ ಬಂದವಕ್ಕಿಂತ ಕಡಿಮೆ ಅನ್ನೋದೇ ಒಂದು ಸಮಾಧಾನ, ಇಲ್ಲಿ ಕಥೆ ನಿಂತಿರೋದು ಕಣ್ಣು ಕಾಲಿನ ಮೇಲೆ. (ಕವಾದಾ ಮುಂದೆ ಟೋಕಿಯೋದಲ್ಲಿ ರಾಮೆನ್ ಹೋಟೆಲ್ ಇಟ್ಟ, ಅಲ್ಲಿಗೆ ಹೋಗೋ ಯೋಗ ಯಾರಿಗಾದ್ರೂ ಬಂದ್ರೆ ಅದರ ರಿವ್ಯೂನೂ ಬರೀರಿ.)

ನೋಡೋದಾದ್ರೆ ದೊಡ್ಡ ಸ್ಕ್ರೀನಲ್ಲಿ ನೋಡಿ, ಹಳೇ ಟೀವಿ ರೆಕಾರ್ಡಿಂಗು, ಪಿಕ್ಚರ್ ಮಂಜು ಮಂಜು, ಫೋನಲ್ಲಿ ಕವಾದಾ ಮುಖ ಸರಿಯಾಗಿ ಕಾಣಲ್ಲ. ಸೌಂಡ್ ಮಾತ್ರ ಜೋರಾಗಿಡಿ. ಇಷ್ಟ ಆದ್ರೆ ಜನವರಿಯ ಒಂದು ಗಂಟೆ ಡ್ರಾಗೆ ಕೈ ಹಾಕ್ಬೇಡಿ ಈಗಲೇ, ಸುಸ್ತಾಗ್ತೀರ. ಸೀದಾ 1996ರ ಡಿಸೆಂಬರ್ 6ರ ಟ್ಯಾಗ್ ಲೀಗ್ ಫೈನಲ್‌ಗೆ ಹೋಗಿ, ಅದೇ ಬುಡೊಕಾನ್, ಅದೇ ಕವಾದಾ-ತಾವೆ, ಈ ಸಲ ಮಿಸಾವಾ ಪಕ್ಕದಲ್ಲಿ ಕೊಬಾಶಿ ಬದಲು ಹುಡುಗ ಜುನ್ ಅಕಿಯಾಮಾ. ಅದು ಇದಕ್ಕಿಂತ ಚೆನ್ನಾಗಿದೆ ಅಂತ ವಾದ ಮಾಡೋರು ತುಂಬಾ ಜನ ಇದಾರೆ, ನನ್ನ ವೋಟು ಇದಕ್ಕೇ.